ಒಂದು ಮನೆ, ಎರಡು ಒಲೆ

ನಮ್ಮ ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆಯ ಮೂಲೆಯಲ್ಲಿ ಒಂದು ಗಣಕಯಂತ್ರವಿದೆ. 2016ರಲ್ಲಿ ಕೊಂಡದ್ದು. ಅದಕ್ಕೆ ಜೋಡಿಸಿರುವ ಗೈಗರ್-ಮುಲ್ಲರ್ ಎಣಿಕೆಯಂತ್ರ ಅದಕ್ಕಿಂತಲೂ ಹಳೆಯದು. ವಿಕಿರಣಶೀಲ ಆಕರದಿಂದ ಹೊರಡುವ ಕಣಗಳನ್ನು ಎಣಿಸಿ, ಆ ಲೆಕ್ಕವನ್ನು ಗಣಕಕ್ಕೆ ಒಪ್ಪಿಸುವುದು ಅದರ ಕೆಲಸ. ಲೆಕ್ಕವನ್ನು ಬರಮಾಡಿಕೊಳ್ಳುವ ತಂತ್ರಾಂಶವು ವಿಂಡೋಸಿನಲ್ಲಿ ಮಾತ್ರ ನಡೆಯತಕ್ಕದ್ದು. ಅದರ ಮೂಲ ಸಿ.ಡಿ. ಎಂದೋ ಕಳೆದುಹೋಗಿದೆ; ತಯಾರಕರಿಗೆ ಬರೆದ ಎರಡು ಪತ್ರಗಳಿಗೂ ಉತ್ತರ ಬರಲಿಲ್ಲ. ಆದಕಾರಣ ಆ ಗಣಕದಲ್ಲಿರುವ ವಿಂಡೋಸ್ ಅಳಿಯಿತೆಂದರೆ ಎಣಿಕೆಯಂತ್ರವೂ ಅಳಿದಂತೆಯೇ ಸರಿ.

ಇಂಥ ಗಣಕಕ್ಕೆ 2025ರ ಅಕ್ಟೋಬರ್ 14ರಂದು ಒಂದು ಪೇಚು ಒದಗಿತು. ಆ ದಿನ ಮೈಕ್ರೋಸಾಫ್ಟ್ ಸಂಸ್ಥೆಯವರು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದರು. ಬೆಂಬಲ ನಿಂತಿತೆಂದರೆ ಯಂತ್ರ ನಿಂತಿತೆಂದು ಅರ್ಥವಲ್ಲ. ಹೊಸದಾಗಿ ಕಂಡುಬರುವ ಭದ್ರತಾ ದೋಷಗಳಿಗೆ ತೇಪೆ ಹಾಕುವವರು ಇಲ್ಲವಾದರು ಎಂದಷ್ಟೇ ಅರ್ಥ. ಬೀಗ ಹಳೆಯದಾದ ಮನೆಯಲ್ಲಿಯೂ ವಾಸ ಮಾಡಬಹುದು. ಆದರೆ ಬೀದಿಯ ಬಾಗಿಲನ್ನು ತೆರೆದಿಟ್ಟು ಮಲಗುವುದು ವಿವೇಕವಲ್ಲ. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಏರೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಘಟಕವನ್ನೂ, ಇಂಟೆಲ್ ಸಂಸ್ಕಾರಕವಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದನ್ನೋ ಅನಂತರದ್ದನ್ನೋ ಕೇಳುತ್ತದೆ. ನಮ್ಮದು ಆರನೆಯ ಪೀಳಿಗೆಯದು. ಅತ್ತ ವಿಂಡೋಸನ್ನು ಬಿಡುವಂತಿಲ್ಲ, ಇತ್ತ ಅದನ್ನೇ ನಂಬಿ ಅಂತರಜಾಲಕ್ಕೆ ಇಳಿಯುವಂತಿಲ್ಲ.

ನಾವು ಕಂಡುಕೊಂಡ ದಾರಿ ಹೊಸದೇನಲ್ಲ. ಎಣಿಕೆಯಂತ್ರಕ್ಕಾಗಿ ವಿಂಡೋಸ್ ಇದ್ದಲ್ಲಿಯೇ ಇರಲಿ. ಅದನ್ನು ಜಾಲದಿಂದ ಬೇರ್ಪಡಿಸೋಣ. ಉಳಿದೆಲ್ಲ ಕೆಲಸಗಳಿಗೆ ಅದೇ ಗಣಕದಲ್ಲಿ ಲಿನಕ್ಸನ್ನು ನೆಲೆಗೊಳಿಸೋಣ. ಒಂದೇ ಡಿಸ್ಕನ್ನು ಪಾಲು ಮಾಡುವುದಕ್ಕಿಂತ ಎರಡನೆಯದೊಂದನ್ನು ತಂದು ಲಿನಕ್ಸಿಗೆ ಪೂರ್ತಿಯಾಗಿ ಬಿಟ್ಟುಕೊಡುವುದು ಕ್ಷೇಮವೆಂದು ತೀರ್ಮಾನಿಸಿದೆವು. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿದ್ದು ಒಲೆಗಳನ್ನು ಮಾತ್ರ ಬೇರೆ ಮಾಡಿಕೊಳ್ಳುವುದುಂಟಲ್ಲ, ಹಾಗೆ. ಒಲೆ ಬೇರೆಯಾದರೂ ತಲೆಬಾಗಿಲು ಒಂದೇ ಎಂಬ ಸಂಗತಿಯನ್ನು ನಾವು ಆಗ ಸಾಕಷ್ಟು ಯೋಚಿಸಲಿಲ್ಲ. ಅದರ ಫಲವನ್ನು ಮುಂದೆ ಉಣ್ಣಬೇಕಾಯಿತು.

ಹಾರ್ಡ್ ಡಿಸ್ಕ್ ಎಂಬುದನ್ನು ಬಿಚ್ಚಿ ನೋಡಿದವರು ಅದರೊಳಗಿನ ಕನ್ನಡಿಯಂಥ ತಟ್ಟೆಗಳನ್ನು ಬಲ್ಲರು. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯು ಸೆಕೆಂಡಿಗೆ 120 ಸುತ್ತು ಬರುತ್ತದೆ. ಬೇಕಾದ ಜಾಗ ಓದುವ ತಲೆಯ ಕೆಳಗೆ ಬರುವುದಕ್ಕೆ ಸರಾಸರಿ ಅರ್ಧ ಸುತ್ತು, ಎಂದರೆ ಸುಮಾರು 4 ಮಿಲಿಸೆಕೆಂಡು ಕಾಯಬೇಕು. ನಾವು ಹೊಸದಾಗಿ ತಂದದ್ದು ತಿರುಗುವ ಭಾಗಗಳೇ ಇಲ್ಲದ ಅರೆವಾಹಕ ಡಿಸ್ಕ್. ಅದರಲ್ಲಿ ಈ ಕಾಯುವಿಕೆ ಇಲ್ಲ. ರಚನೆಯಲ್ಲಿ ಇವೆರಡೂ ಅಜಗಜಾಂತರವಾದರೂ ಗಣಕದ ದೃಷ್ಟಿಗೆ ಎರಡೂ ಒಂದೇ: ಸೊನ್ನೆಯಿಂದ ಮೊದಲ್ಗೊಂಡು ಕ್ರಮವಾಗಿ ಸಂಖ್ಯೆಗಳನ್ನು ಕೊಟ್ಟಿರುವ ಖಾನೆಗಳ ಒಂದು ಉದ್ದನೆಯ ಸಾಲು. ಒಂದೊಂದು ಖಾನೆಯಲ್ಲಿ ಸಾಂಪ್ರದಾಯಿಕವಾಗಿ 512 ಬೈಟುಗಳು. ಈ ಖಾನೆ ವಿಂಡೋಸಿನದು, ಆ ಖಾನೆ ಲಿನಕ್ಸಿನದು ಎಂದು ಕಾಂತತ್ವಕ್ಕಾಗಲಿ ವಿದ್ಯುದಂಶಕ್ಕಾಗಲಿ ತಿಳಿಯದು. ಒಡೆತನವೆಂಬುದು ಬರೆದಿಟ್ಟ ಒಂದು ಕಾಗದದ ಮಾತು, ಅಷ್ಟೆ.

ಆ ಕಾಗದವೇ ಡಿಸ್ಕಿನ ಪಾಲುಪಟ್ಟಿ. ಐಬಿಎಂ ಸಂಸ್ಥೆಯ ಗಣಕಗಳಿಗೆ 1983ರಲ್ಲಿ ಹಾರ್ಡ್ ಡಿಸ್ಕ್ ಬಂದಾಗ ಏರ್ಪಟ್ಟ ಪದ್ಧತಿ ಬಹು ಸರಳವಾದದ್ದು. ಮೊಟ್ಟಮೊದಲಿನ ಖಾನೆಯ 512 ಬೈಟುಗಳಲ್ಲಿ 446 ಬೈಟುಗಳು ಯಂತ್ರವನ್ನು ಎಬ್ಬಿಸುವ ಪುಟ್ಟ ಕ್ರಮವಿಧಿಗೆ. ಅನಂತರದ 64 ಬೈಟುಗಳು, ತಲಾ 16ರಂತೆ, ನಾಲ್ಕು ಪಾಲುಗಳ ವಿವರಕ್ಕೆ. ಕೊನೆಯ ಎರಡು ಬೈಟುಗಳು ಸಾಕ್ಷಿಯ ರುಜುವಿಗೆ. ಪಾಲು ಎಲ್ಲಿ ತೊಡಗುತ್ತದೆ, ಎಷ್ಟು ಖಾನೆಗಳವರೆಗೆ ಇರುತ್ತದೆ ಎಂಬುದನ್ನು 32 ಬಿಟ್‌ಗಳ ಸಂಖ್ಯೆಯಲ್ಲಿ ಬರೆಯುತ್ತಿದ್ದರು. 32 ಬಿಟ್‌ಗಳಲ್ಲಿ ಎಣಿಸಬಹುದಾದದ್ದು ಸುಮಾರು 429 ಕೋಟಿ ಖಾನೆಗಳು. 512ರಿಂದ ಗುಣಿಸಿದರೆ ಸುಮಾರು 2.2 ಲಕ್ಷ ಕೋಟಿ ಬೈಟುಗಳು. ಮೊದಲ ಗಣಕಗಳ ಡಿಸ್ಕಿನಲ್ಲಿ 10 ಮೆಗಾಬೈಟು ಮಾತ್ರ ಹಿಡಿಯುತ್ತಿದ್ದಾಗ ಈ ಮಿತಿ ಯಾರಿಗೂ ಮಿತಿಯೆಂದೇ ತೋರಿರಲಾರದು. ಇಂದು 4 ಟೆರಾಬೈಟಿನ ಡಿಸ್ಕನ್ನು ಅಂಗಡಿಯಲ್ಲಿ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಆ ಹಳೆಯ ಪಟ್ಟಿಯಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚನ್ನು ಬರೆಯುವುದಕ್ಕಷ್ಟೇ ಸ್ಥಳವುಂಟು.

ಈಗ ಬಳಕೆಯಲ್ಲಿರುವ ಹೊಸ ಪಟ್ಟಿಗೆ ಜಿಪಿಟಿ ಎಂದು ಹೆಸರು. ಇದರಲ್ಲಿ ಸಾಮಾನ್ಯವಾಗಿ 128 ಪಾಲುಗಳಿಗೆ ಅವಕಾಶವಿದೆ. ಪ್ರತಿಯೊಂದು ಪಾಲಿಗೂ 128 ಬಿಟ್‌ಗಳ ಒಂದು ಗುರುತುಸಂಖ್ಯೆಯುಂಟು. ಇದಕ್ಕಿಂತ ಮೆಚ್ಚತಕ್ಕ ಸಂಗತಿಯೆಂದರೆ, ಪಟ್ಟಿಯ ಒಂದು ಪ್ರತಿ ಡಿಸ್ಕಿನ ಆದಿಯಲ್ಲಿಯೂ ಇನ್ನೊಂದು ಪ್ರತಿ ಅಂತ್ಯದಲ್ಲಿಯೂ ಇರುತ್ತದೆ. ಹಳೆಯ ಪದ್ಧತಿಯಲ್ಲಿ ಮೊದಲ ಖಾನೆ ಕೆಟ್ಟಿತೆಂದರೆ ಆಸ್ತಿಯೆಲ್ಲ ಇದ್ದೂ ದಾಖಲೆಯಿಲ್ಲದಂತಾಗುತ್ತಿತ್ತು.

ಇನ್ನು ತಲೆಬಾಗಿಲಿನ ವಿಚಾರ. ಗುಂಡಿ ಒತ್ತಿದೊಡನೆ ಓಡತೊಡಗುವುದು ವಿಂಡೋಸೂ ಅಲ್ಲ, ಲಿನಕ್ಸೂ ಅಲ್ಲ. ಗಣಕದ ತಾಯಿಹಲಗೆಯ ಮೇಲೆ ಒಂದು ಸಣ್ಣ ಚಿಪ್ಪಿನಲ್ಲಿ ಶಾಶ್ವತವಾಗಿ ಅಡಗಿರುವ ಫರ್ಮ್‌ವೇರ್ ಎಂಬ ಕ್ರಮವಿಧಿಯು ಮೊದಲು ಎಚ್ಚರಗೊಳ್ಳುತ್ತದೆ. ಕಳೆದ ಹಲವು ವರ್ಷಗಳ ಗಣಕಗಳಲ್ಲಿ ಇದು ಯುಇಎಫ್ಐ ಎಂಬ ಒಪ್ಪಂದದಂತೆ ನಡೆಯುತ್ತದೆ. ವಿದ್ಯುತ್ತು ಹೋದರೂ ಅಳಿಯದ ನೆನಪಿನಲ್ಲಿ ಅದು ಒಂದು ಚಿಕ್ಕ ಯಾದಿಯನ್ನು ಇಟ್ಟುಕೊಂಡಿರುತ್ತದೆ: ಮೊದಲು ಯಾರನ್ನು ಎಬ್ಬಿಸಬೇಕು, ಅವರು ಏಳದಿದ್ದರೆ ಅನಂತರ ಯಾರನ್ನು. ಯಾದಿಯ ಪ್ರತಿಯೊಂದು ನಮೂದೂ ಡಿಸ್ಕಿನಲ್ಲಿರುವ ಒಂದು ಸಣ್ಣ ಪಾಲಿನತ್ತ, ಅದರಲ್ಲಿನ ಒಂದು ಕಡತದತ್ತ ಕೈತೋರಿಸುತ್ತದೆ. ಇಎಫ್ಐ ಪಾಲು ಎಂದು ಕರೆಯುವ ಈ ಜಾಗವನ್ನು ಮನೆಯ ಪಡಸಾಲೆಯೆಂದು ಭಾವಿಸಬಹುದು. ವಿಂಡೋಸ್ 10 ತಾನಾಗಿಯೇ ಸ್ಥಾಪಿಸಿಕೊಂಡಾಗ ಇದಕ್ಕೆ ಸಾಧಾರಣವಾಗಿ ಬಿಡುವುದು 100 ಮೆಗಾಬೈಟುಗಳಷ್ಟೆ. ಕಾರ್ಯಾಚರಣ ವ್ಯವಸ್ಥೆಯ ಮಹಾಶರೀರವು ಬೇರೆ ಪಾಲಿನಲ್ಲಿ ಮಲಗಿರುತ್ತದೆ. ಅದನ್ನು ತಟ್ಟಿ ಎಬ್ಬಿಸುವ ಬೂಟ್ ಲೋಡರ್ ಮಾತ್ರ ಪಡಸಾಲೆಯಲ್ಲಿ ಕಾದು ಕುಳಿತಿರುತ್ತದೆ.

ಹೀಗೆ ವ್ಯವಸ್ಥೆ ಎಲ್ಲಿ ವಾಸಿಸುತ್ತದೆ ಎಂಬುದು ಒಂದು ಪ್ರಶ್ನೆ. ಅದನ್ನು ಎಬ್ಬಿಸುವವರು ಎಲ್ಲಿ ಕುಳಿತಿದ್ದಾರೆ ಎಂಬುದು ಬೇರೆಯೇ ಪ್ರಶ್ನೆ. ಎರಡು ಡಿಸ್ಕುಗಳನ್ನು ಇಟ್ಟುಕೊಂಡವರಲ್ಲಿ ಅನೇಕರು ಮೊದಲನೆಯ ಪ್ರಶ್ನೆಗೆ ಉತ್ತರ ಕಂಡುಕೊಂಡು ಎರಡನೆಯದೂ ಬಗೆಹರಿಯಿತೆಂದು ತಿಳಿಯುತ್ತಾರೆ. ನಾವೂ ಹಾಗೆಯೇ ತಿಳಿದಿದ್ದೆವು.

ಒಂದು ಡಿಸ್ಕಿಗೆ ಹೇಳಬೇಕಾದ ಮಾತನ್ನು ಇನ್ನೊಂದಕ್ಕೆ ಹೇಳಿ ಕೆಡಿಸುವ ಪ್ರಮಾದಕ್ಕೆ ಲಿನಕ್ಸಿನ ಚರಿತ್ರೆಯಲ್ಲಿಯೇ ಘನವಾದ ಪೂರ್ವನಿದರ್ಶನವಿದೆ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್, 21 ವರ್ಷದ ತರುಣ, ಇಂಟೆಲ್ 386 ಸಂಸ್ಕಾರಕವುಳ್ಳ ತನ್ನ ಗಣಕದಲ್ಲಿ ಮಿನಿಕ್ಸ್ ಎಂಬ ವ್ಯವಸ್ಥೆಯನ್ನು ಇಟ್ಟುಕೊಂಡಿದ್ದ. ಅದು ಆಂಡ್ರ್ಯೂ ಟನೆನ್‌ಬಾಮ್ ಎಂಬ ಪ್ರಾಧ್ಯಾಪಕರು ಬೋಧನೆಗಾಗಿ ರಚಿಸಿದ್ದು. ಆ ಮಿನಿಕ್ಸಿನ ಆಶ್ರಯದಲ್ಲಿಯೇ ಆತ ತನ್ನದೊಂದು ವ್ಯವಸ್ಥೆಯನ್ನು ಕಟ್ಟತೊಡಗಿ, ಆಗಸ್ಟ್ 25ರಂದು ಅದನ್ನು ಇತರ ಮಿನಿಕ್ಸ್ ಬಳಕೆದಾರರಿಗೆ ತಿಳಿಸಿದ. ಸೆಪ್ಟೆಂಬರಿನಲ್ಲಿ ಅದರ ಮೊದಲ ಆವೃತ್ತಿ ಹೊರಬಿತ್ತು. ಎಂದ ಮೇಲೆ ಲಿನಕ್ಸ್ ಹುಟ್ಟಿದ್ದೇ ಇನ್ನೊಬ್ಬರ ಮನೆಯ ಎರಡನೆಯ ಒಲೆಯಾಗಿ. ಆ ವರ್ಷದ ಕೊನೆಯ ಸುಮಾರಿಗೆ ಆತ ವಿಶ್ವವಿದ್ಯಾನಿಲಯದ ಗಣಕಕ್ಕೆ ದೂರವಾಣಿಯ ಮೂಲಕ ಸಂಪರ್ಕ ಬೆಳೆಸಲು ಹೊರಟು, ಮೋಡೆಮ್ಮಿಗೆ ಹೋಗಬೇಕಾಗಿದ್ದ ಆಜ್ಞೆಯನ್ನು ಕೈತಪ್ಪಿನಿಂದ ಹಾರ್ಡ್ ಡಿಸ್ಕಿನ ಹೆಸರಿಗೆ ಕಳುಹಿಸಿಬಿಟ್ಟ. ಮಿನಿಕ್ಸ್ ಇದ್ದ ಪಾಲು ಹಾಳಾಯಿತು. ಅದನ್ನು ಮತ್ತೆ ಸ್ಥಾಪಿಸುವ ಗೊಡವೆಗೆ ಹೋಗದೆ, ಲಿನಕ್ಸೇ ಸಾಕೆಂದು ಅದರಲ್ಲಿಯೇ ಮುಂದುವರಿದನಂತೆ. ಆತನಿಗೆ ಅದು ಶುಭವೇ ಆಯಿತೆನ್ನಬೇಕು. ಕಳೆದುಕೊಳ್ಳಬಾರದ ಎಣಿಕೆಯಂತ್ರವೊಂದು ಆತನ ಗಣಕಕ್ಕೆ ಜೋಡಿಸಿರಲಿಲ್ಲ.

ದೀಪಾವಳಿಯ ರಜೆಯಲ್ಲಿ ನಾವು ಕೆಲಸಕ್ಕೆ ತೊಡಗಿದೆವು. ಪೂರ್ವಸಿದ್ಧತೆಯಲ್ಲಿ ಲೋಪ ಮಾಡಲಿಲ್ಲವೆಂದು ಹೇಳಿಕೊಳ್ಳಬಹುದು. ವಿಂಡೋಸ್ ಡಿಸ್ಕಿನ ಯಥಾಪ್ರತಿಯೊಂದನ್ನು ಹೊರಗಿನ ಡಿಸ್ಕಿಗೆ ತೆಗೆದೆವು. ವಿದ್ಯಾರ್ಥಿಗಳ ಅಳತೆಗಳಿದ್ದ ಕಡತಗಳನ್ನು ಬೇರೆಯಾಗಿ ಇನ್ನೊಂದು ಕಡೆಗೂ ನಕಲು ಮಾಡಿದೆವು. ಡಿಸ್ಕು ಬಿಟ್‌ಲಾಕರಿನಿಂದ ಗೂಢಲಿಪಿಯಾಗಿದೆಯೇ ಎಂದು ಪರೀಕ್ಷಿಸಿದೆವು, ಆಗಿರಲಿಲ್ಲ. ಆಗಿದ್ದ ಪಕ್ಷದಲ್ಲಿ ಅದರ 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳದೆ ಮುಂದೆ ಹೆಜ್ಜೆಯಿಡಕೂಡದು. ಎಬ್ಬಿಸುವ ಕ್ರಮದಲ್ಲಿ ಸ್ವಲ್ಪ ಬದಲಾವಣೆ ಕಂಡರೂ ಸಂಶಯಗೊಂಡು ಆ ಕೀಲಿಯನ್ನು ಕೇಳುವುದು ಅದರ ಸ್ವಭಾವ, ಮತ್ತು ಆಗ ಕೀಲಿ ಇಲ್ಲದವನಿಗೆ ತನ್ನ ಮನೆಯೇ ಪರರ ಮನೆ.

ಇನ್ನೊಂದು ಸಂಗತಿಯನ್ನು ಬಹಳ ಮಂದಿ ಮರೆಯುತ್ತಾರೆ. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ, ಗಣಕವನ್ನು ಆರಿಸಿದೆವೆಂದು ನಾವು ತಿಳಿದಾಗ ವಿಂಡೋಸ್ ನಿಜವಾಗಿ ಪೂರ್ತಿ ಆರುವುದಿಲ್ಲ. ತನ್ನ ಹೃದಯಭಾಗದ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಮರುದಿನ ಬೇಗನೆ ಏಳಬೇಕೆಂಬ ಉದ್ದೇಶದಿಂದ. 'ಫಾಸ್ಟ್ ಸ್ಟಾರ್ಟಪ್' ಎಂಬುದು ಈ ಏರ್ಪಾಡಿನ ಹೆಸರು. ಹೀಗೆ ಮಲಗಿರುವವನ ಪೆಟ್ಟಿಗೆಯೊಳಗೆ ಲಿನಕ್ಸ್ ಕೈಹಾಕಿ ಕಡತಗಳನ್ನು ಬದಲಾಯಿಸಿದರೆ, ಎದ್ದವನ ನೆನಪಿಗೂ ಪೆಟ್ಟಿಗೆಯ ವಸ್ತುಸ್ಥಿತಿಗೂ ತಾಳೆಯಾಗದೆ ಹಾನಿಯುಂಟಾಗಬಹುದು. ಲಿನಕ್ಸ್ ಸಾಮಾನ್ಯವಾಗಿ ಇದನ್ನು ಅರಿತು ಅಂಥ ಪಾಲಿನಲ್ಲಿ ಬರೆಯಲು ನಿರಾಕರಿಸುತ್ತದೆ. ಆದರೂ ಆ ಏರ್ಪಾಡನ್ನು ವಿಂಡೋಸಿನಲ್ಲಿಯೇ ರದ್ದುಪಡಿಸುವುದು ಲೇಸು. ಕೆಲವು ಸೆಕೆಂಡುಗಳ ಲಾಭಕ್ಕಾಗಿ ಇಷ್ಟು ದೊಡ್ಡ ತೊಡಕನ್ನು ಮನೆಯಲ್ಲಿಟ್ಟುಕೊಳ್ಳುವ ಅವಶ್ಯಕತೆ ನಮಗೆ ಕಾಣದು.

ಅನಂತರ ಗಣಕದ ಪಕ್ಕದ ತಗಡನ್ನು ತೆಗೆದು ಹೊಸ ಡಿಸ್ಕನ್ನು ಜೋಡಿಸಿದೆವು. ಇದಕ್ಕೆ ಬೇಕಾದದ್ದು ಎರಡೇ ತಂತಿಗಳು: ಮಾಹಿತಿಗೆ ಏಳು ಸಂಪರ್ಕಗಳ ಸಣ್ಣದೊಂದು, ವಿದ್ಯುತ್ತಿಗೆ ಹದಿನೈದು ಸಂಪರ್ಕಗಳ ಅಗಲವಾದದ್ದೊಂದು. ಎರಡೂ ತಿರುಗುಮುರುಗಾಗಿ ಕೂರದಂತೆ ಮೂಲೆಯಲ್ಲಿ ಬಾಗಿವೆ. ಲಿನಕ್ಸನ್ನು ತುಂಬಿದ ಯುಎಸ್‌ಬಿ ಕಡ್ಡಿಯಿಂದ ಗಣಕವನ್ನು ಎಬ್ಬಿಸಿದೆವು. ಈ ಹೆಜ್ಜೆಯಲ್ಲಿ ಕಡ್ಡಿಯನ್ನೂ ಯುಇಎಫ್ಐ ಕ್ರಮದಲ್ಲಿಯೇ ಎಬ್ಬಿಸಬೇಕು. ಕೆಲವು ಗಣಕಗಳು ಒಂದೇ ಕಡ್ಡಿಯನ್ನು ಹಳೆಯ ಕ್ರಮದಲ್ಲೊಮ್ಮೆ, ಹೊಸ ಕ್ರಮದಲ್ಲೊಮ್ಮೆ, ಹೀಗೆ ಎರಡು ಸಲ ಯಾದಿಯಲ್ಲಿ ತೋರಿಸುವುದುಂಟು. ತಪ್ಪಿ ಹಳೆಯದನ್ನು ಆರಿಸಿದರೆ ಲಿನಕ್ಸ್ ಒಂದು ಸಂಪ್ರದಾಯಕ್ಕೂ ವಿಂಡೋಸ್ ಇನ್ನೊಂದಕ್ಕೂ ಸೇರಿ, ಒಂದೇ ಪಂಕ್ತಿಯಲ್ಲಿ ಕೂಡದವರಾಗುತ್ತಾರೆ.

ಸ್ಥಾಪನೆಯ ಕ್ರಮವಿಧಿಯು 'ಯಾವ ಡಿಸ್ಕಿನಲ್ಲಿ?' ಎಂದು ಕೇಳುವ ಗಳಿಗೆಯೇ ಎದೆ ಹೊಡೆದುಕೊಳ್ಳುವ ಗಳಿಗೆ. ಲಿನಕ್ಸಿನಲ್ಲಿ ಡಿಸ್ಕುಗಳಿಗೆ ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಎಂಬಂಥ ಹೆಸರುಗಳು. ಇವು ಹುಟ್ಟುಹೆಸರುಗಳಲ್ಲ, ಆ ಸಲ ಯಂತ್ರ ಎದ್ದಾಗ ಕಂಡುಬಂದ ಸರದಿಯಲ್ಲಿ ಕೊಟ್ಟ ಹೆಸರುಗಳು. ನಾವು ಚುಚ್ಚಿದ ಯುಎಸ್‌ಬಿ ಕಡ್ಡಿಗೂ ಇದೇ ಸಾಲಿನಲ್ಲಿ ಒಂದು ಹೆಸರು ದೊರೆಯುತ್ತದೆ. ಇಂದು ಎಸ್‌ಡಿಎ ಆದದ್ದು ನಾಳೆ ಎಸ್‌ಡಿಬಿ ಆದೀತು. ಆದಕಾರಣ ಹೆಸರನ್ನು ನಂಬದೆ ಅಳತೆಯನ್ನೂ ತಯಾರಕರ ಗುರುತನ್ನೂ ನೋಡಬೇಕು. ಅಳತೆಯಲ್ಲಿಯೂ ಒಂದು ಚಮತ್ಕಾರವಿದೆ. ನಮ್ಮ ಹಳೆಯ ಡಿಸ್ಕಿನ ಮೇಲೆ 500 ಗಿಗಾಬೈಟು ಎಂದು ಅಚ್ಚಾಗಿದೆ. ವಿಂಡೋಸ್ ಅದನ್ನು 465 ಎನ್ನುತ್ತದೆ. ಹೊಸದರ ಮೇಲೆ 240. ವಿಂಡೋಸ್ ತೋರಿಸುವುದು 223. ಅಂಗಡಿಯವನು ಮೋಸ ಮಾಡಿದನೆಂದು ಭಾವಿಸಬೇಕಾಗಿಲ್ಲ. ತಯಾರಕರು ಗಿಗಾ ಎಂದರೆ ನೂರು ಕೋಟಿಯೆಂದು ಎಣಿಸುತ್ತಾರೆ. ವಿಂಡೋಸ್ 1024ನ್ನು ಮೂರು ಸಲ ಗುಣಿಸಿ ಬಂದ 107 ಕೋಟಿ ಚಿಲ್ಲರೆಯನ್ನು ಗಿಗಾ ಎನ್ನುತ್ತದೆ. ಲಿನಕ್ಸಿನ ಉಪಕರಣಗಳಲ್ಲಿ ಕೆಲವು ಹೀಗೆ, ಕೆಲವು ಹಾಗೆ. ಒಂದೇ ಅಳತೆಯ ಎರಡು ಡಿಸ್ಕುಗಳನ್ನು ಒಂದೇ ತಯಾರಕರಿಂದ ಕೊಂಡವರನ್ನು ಕಂಡರೆ ನಮಗೆ ಮರುಕ ಹುಟ್ಟುತ್ತದೆ.

ನಾವು ಸರಿಯಾದ ಡಿಸ್ಕನ್ನೇ ಆರಿಸಿದೆವು. ಅರ್ಧ ಗಂಟೆಯೊಳಗೆ ಲಿನಕ್ಸ್ ನೆಲೆಗೊಂಡಿತು. ಮರಳಿ ಎಬ್ಬಿಸಿದಾಗ ಗ್ರಬ್ ಎಂಬ ಬೂಟ್ ಲೋಡರ್ ತೆರೆಯ ಮೇಲೆ ಬಂದು, ಲಿನಕ್ಸೋ ವಿಂಡೋಸೋ ಎಂದು ವಿನಯದಿಂದ ಕೇಳಿತು. ಎರಡನ್ನೂ ತೆರೆದು ನೋಡಿದೆವು. ಎಣಿಕೆಯಂತ್ರವೂ ಟಿಕ್ ಟಿಕ್ ಎಂದು ಎಣಿಸಿತು. ಗಣಕದ ಪಕ್ಕದ ತಗಡನ್ನು ಮುಚ್ಚಿ, ಕೈ ತೊಳೆದುಕೊಂಡು ಹಬ್ಬದ ಊಟಕ್ಕೆ ಹೋದೆವು.

ಡಿಸೆಂಬರಿನಲ್ಲಿ ಪ್ರಾಯೋಗಿಕ ಪರೀಕ್ಷೆ ಬಂತು. ಹಿಂದಿನ ಸಂಜೆ ಬೆಂಚುಗಳನ್ನು ಸರಿಪಡಿಸುವಾಗ ಆ ಗಣಕವನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗಿಸಿದ್ದರು. ಬೆಳಿಗ್ಗೆ ಹೊರಗಿನ ಪರೀಕ್ಷಕರು ಬಂದು ಕುಳಿತಿದ್ದಾರೆ; ಎಣಿಕೆಯಂತ್ರದ ಪ್ರಯೋಗ ಬಂದ ನಾಲ್ವರು ವಿದ್ಯಾರ್ಥಿಗಳು ಗಣಕದ ಮುಂದೆ ನಿಂತಿದ್ದಾರೆ. ಗುಂಡಿ ಒತ್ತಿದರೆ ಕಪ್ಪು ತೆರೆ. ಅದರ ಮೇಲೆ 'ಗ್ರಬ್' ಎಂಬ ಒಂದೇ ಪದ, ಪಕ್ಕದಲ್ಲಿ ಮಿನುಗುವ ಒಂದು ಗೆರೆ. ಲಿನಕ್ಸೂ ಇಲ್ಲ, ವಿಂಡೋಸೂ ಇಲ್ಲ.

"ಸಾರ್, ವಿಂಡೋಸ್ ಹೋಯ್ತಾ?" ಎಂದಳು ಒಬ್ಬ ಹುಡುಗಿ. ಅವಳ ದನಿಯಲ್ಲಿ ಗಾಬರಿಗಿಂತ ಹೆಚ್ಚಾಗಿ, ತನ್ನ ಪ್ರಯೋಗ ತಪ್ಪಿಹೋಗುವುದೋ ಏನೋ ಎಂಬ ಅಳುಕಿತ್ತು. ನಮಗೆ ಉತ್ತರ ತೋಚಲಿಲ್ಲ. ಯಥಾಪ್ರತಿ ಇತ್ತೆಂಬುದು ನಿಜ. ಅದನ್ನು ಮರಳಿಸಲು ಅರ್ಧ ದಿನ ಬೇಕೆಂಬುದೂ ನಿಜ. ಪರೀಕ್ಷಕರು ಸಜ್ಜನರು, ಕೈಗಡಿಯಾರವನ್ನು ಒಂದೇ ಸಲ ನೋಡಿದರು.

ತಗಡನ್ನು ತೆಗೆದು ನೋಡಿದಾಗ ಹೊಸ ಡಿಸ್ಕಿನ ವಿದ್ಯುತ್ ತಂತಿ ಸಡಿಲಗೊಂಡು ಜೋತುಬಿದ್ದಿತ್ತು. ಸಾಗಿಸುವಾಗ ಕಳಚಿದ್ದಿರಬೇಕು. ಕಾರಣ ಸಿಕ್ಕಿತೆಂಬ ಸಮಾಧಾನದ ಬೆನ್ನಿಗೇ ಒಂದು ಆಶ್ಚರ್ಯ: ಕಳಚಿದ್ದು ಲಿನಕ್ಸಿನ ಡಿಸ್ಕು, ಲಿನಕ್ಸ್ ಏಳದಿರುವುದು ನ್ಯಾಯವೇ. ಆದರೆ ವಿಂಡೋಸ್ ಇರುವ ಡಿಸ್ಕು ಸುಸ್ಥಿತಿಯಲ್ಲಿದೆ. ಹೊಸ ಡಿಸ್ಕಿನಿಂದ ಅದಕ್ಕೆ ಬೇಕಾದದ್ದು ಒಂದು ಬೈಟೂ ಇಲ್ಲ. ಅದೇಕೆ ಏಳಲಿಲ್ಲ?

ತಂತಿಯನ್ನು ಸಿಕ್ಕಿಸಿದ ಮೇಲೆ ಎಲ್ಲವೂ ಮೊದಲಿನಂತಾಯಿತು. ಪರೀಕ್ಷೆ ನಲವತ್ತು ನಿಮಿಷ ತಡವಾಗಿ ತೊಡಗಿ ಸುಸೂತ್ರವಾಗಿ ಮುಗಿಯಿತು. ಸಂಜೆ ಆ ಪ್ರಶ್ನೆಯನ್ನು ಹಿಡಿದು ಕುಳಿತಾಗ ಉತ್ತರ ಪಡಸಾಲೆಯಲ್ಲಿಯೇ ದೊರೆಯಿತು. ಲಿನಕ್ಸನ್ನು ಸ್ಥಾಪಿಸುವಾಗ ಸ್ಥಾಪನೆಯ ಕ್ರಮವಿಧಿಯು ಗಣಕದಲ್ಲಿ ಆಗಲೇ ಒಂದು ಇಎಫ್ಐ ಪಾಲು ಇರುವುದನ್ನು ಕಂಡಿತ್ತು. ಅದು ಹಳೆಯ ಡಿಸ್ಕಿನಲ್ಲಿದ್ದ ವಿಂಡೋಸಿನ ಪಡಸಾಲೆ. ಇದ್ದುದನ್ನೇ ಬಳಸಿಕೊಳ್ಳೋಣವೆಂದು ತನ್ನ ಗ್ರಬ್ಬನ್ನು ಅಲ್ಲಿಯೇ ಕೂರಿಸಿತು. ಪಡಸಾಲೆಯಲ್ಲಿ ಇಬ್ಬರಿಗೂ ಬೇರೆ ಬೇರೆ ಕೋಶಗಳಿರುವುದರಿಂದ ವಿಂಡೋಸಿನ ಕಡತಗಳಿಗೆ ಏನೂ ಆಗಲಿಲ್ಲ. ಆದರೆ ಫರ್ಮ್‌ವೇರಿನ ಯಾದಿಯಲ್ಲಿ ಗ್ರಬ್ ಮೊದಲ ಸ್ಥಾನವನ್ನು ಪಡೆಯಿತು. ಗ್ರಬ್ಬಿನ ಬಾಗಿಲುಕಾಯುವ ಭಾಗವಷ್ಟೇ ಹಳೆಯ ಡಿಸ್ಕಿನಲ್ಲಿದ್ದದ್ದು. ಯಾರು ಯಾರನ್ನು ಕರೆಯಬೇಕೆಂಬ ಅದರ ಪಟ್ಟಿ ಹೊಸ ಡಿಸ್ಕಿನಲ್ಲಿ, ಲಿನಕ್ಸಿನ ಪಾಲಿನಲ್ಲಿತ್ತು. ಆ ಡಿಸ್ಕು ಮಾಯವಾದ ದಿನ ಗ್ರಬ್ ಎದ್ದು, ಪಟ್ಟಿಗಾಗಿ ತಡಕಾಡಿ, ಸಿಕ್ಕದೆ, ದಿಕ್ಕುಕಾಣದೆ ನಿಂತುಬಿಟ್ಟಿತು. ಅದು ಎದ್ದದ್ದರಿಂದ ಫರ್ಮ್‌ವೇರ್ ತನ್ನ ಕೆಲಸ ಮುಗಿಯಿತೆಂದು ತಿಳಿಯಿತು. ಎರಡನೆಯ ಸ್ಥಾನದಲ್ಲಿದ್ದ ವಿಂಡೋಸನ್ನು ಕರೆಯುವವರೇ ಇಲ್ಲವಾದರು.

ಆ ಬೆಳಿಗ್ಗೆ ನಮಗೆ ತಿಳಿದಿದ್ದರೆ ನಲವತ್ತು ನಿಮಿಷದ ಕೆಲಸವನ್ನು ನಲವತ್ತು ಸೆಕೆಂಡಿನಲ್ಲಿ ಮುಗಿಸಬಹುದಾಗಿತ್ತು. ಗಣಕವನ್ನು ಎಬ್ಬಿಸುವಾಗ ಒಂದು ಕೀಲಿಯನ್ನು ಒತ್ತಿದರೆ ಫರ್ಮ್‌ವೇರ್ ತನ್ನ ಯಾದಿಯನ್ನೇ ತೆರೆದು ತೋರಿಸುತ್ತದೆ. ತಯಾರಕರಿಗನುಗುಣವಾಗಿ ಎಫ್12, ಎಫ್11, ಎಫ್9, ಎಫ್8 ಅಥವಾ ಎಸ್ಕೇಪ್, ಇವುಗಳಲ್ಲಿ ಒಂದು ಆ ಕೀಲಿಯಾಗಿರುವುದು ವಾಡಿಕೆ. ಅದರಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಎಂಬುದನ್ನು ಆರಿಸಿದ್ದರೆ, ಗ್ರಬ್ಬಿನ ಹಂಗಿಲ್ಲದೆ ವಿಂಡೋಸ್ ಎದ್ದುಬರುತ್ತಿತ್ತು. ಸಂಜೆ ತಂತಿಯನ್ನು ಬೇಕೆಂದೇ ಕಳಚಿ ಪ್ರಯೋಗ ಮಾಡಿ ನೋಡಿದೆವು. ಹಾಗೆಯೇ ಆಯಿತು.

ಭೌತವಿಜ್ಞಾನವನ್ನು ಕಲಿಸುವವರಿಗೆ ಈ ತಪ್ಪು ಸ್ವಲ್ಪ ನಾಚಿಕೆಯದೇ. ಒಂದು ರಾಶಿಯ ಪರಿಣಾಮವನ್ನು ತಿಳಿಯಬೇಕಾದರೆ ಮಿಕ್ಕವುಗಳನ್ನು ಬೇರ್ಪಡಿಸಬೇಕೆಂದು ಪ್ರತಿವರ್ಷ ಮೊದಲ ತರಗತಿಯಲ್ಲಿ ಹೇಳುತ್ತೇವೆ. ಗಣಕದ ಪಕ್ಕದ ತಗಡು ಹೇಗೂ ತೆರೆದೇ ಇತ್ತು. ಹಳೆಯ ಡಿಸ್ಕಿನ ತಂತಿಯನ್ನು ಸ್ವಲ್ಪ ಹೊತ್ತು ಕಳಚಿಡುವುದಕ್ಕೆ ಅರ್ಧ ನಿಮಿಷವೂ ಬೇಕಿರಲಿಲ್ಲ. ಹಳೆಯದು ಕಣ್ಣಿಗೇ ಬೀಳದಿದ್ದರೆ ಸ್ಥಾಪನೆಯ ಕ್ರಮವಿಧಿಯು ಅದರ ಪಡಸಾಲೆಯನ್ನು ಹೊಕ್ಕೀತು ಹೇಗೆ? ತಪ್ಪು ಡಿಸ್ಕನ್ನು ಅಳಿಸೀತೆಂಬ ಭಯವೂ ಬುಡಸಹಿತ ಹೋಗುತ್ತಿತ್ತು.

ಜನವರಿಯಲ್ಲಿ ಹಾಗೆಯೇ ಮಾಡಿದೆವು. ಗಣಕವನ್ನು ಆರಿಸಿ, ಗೋಡೆಯ ವಿದ್ಯುತ್ತನ್ನೂ ತೆಗೆದು, ಹಳೆಯ ಡಿಸ್ಕಿನ ತಂತಿಯನ್ನು ಕಳಚಿ, ಹೊಸ ಡಿಸ್ಕೊಂದನ್ನೇ ಉಳಿಸಿ ಲಿನಕ್ಸನ್ನು ಮರಳಿ ಸ್ಥಾಪಿಸಿದೆವು. ಈ ಸಲ ಅದು ತನ್ನ ಡಿಸ್ಕಿನಲ್ಲಿಯೇ ತನ್ನದೊಂದು ಇಎಫ್ಐ ಪಾಲನ್ನು ಕಟ್ಟಿಕೊಂಡಿತು. ಹಳೆಯ ತಂತಿಯನ್ನು ಮತ್ತೆ ಜೋಡಿಸಿ, ಫರ್ಮ್‌ವೇರಿನ ಯಾದಿಯಲ್ಲಿ ಉಳಿದುಹೋಗಿದ್ದ ಹಳೆಯ ಗ್ರಬ್ಬಿನ ನಮೂದನ್ನು ತೆಗೆದುಹಾಕಿದೆವು. ಈಗ ಯಾವ ಡಿಸ್ಕಿನ ತಂತಿಯನ್ನು ಕಿತ್ತರೂ ಇನ್ನೊಂದು ತನ್ನಷ್ಟಕ್ಕೆ ಏಳುತ್ತದೆ. ಎರಡನ್ನೂ ಒಂದೊಂದಾಗಿ ಕಿತ್ತು ನೋಡಿಯೇ ತಗಡನ್ನು ಮುಚ್ಚಿದೆವು.

ಇಂಥ ಏರ್ಪಾಡಿನಲ್ಲಿ ಗ್ರಬ್ಬಿನ ಪಟ್ಟಿಯಲ್ಲಿ ವಿಂಡೋಸಿನ ಹೆಸರು ತಾನಾಗಿ ಬರದಿರಬಹುದು. ಇತರ ವ್ಯವಸ್ಥೆಗಳನ್ನು ಹುಡುಕಿ ಪಟ್ಟಿಗೆ ಸೇರಿಸುವ ಕೆಲಸವನ್ನು ಗ್ರಬ್ 2021ರ ಆವೃತ್ತಿಯಿಂದೀಚೆಗೆ, ಭದ್ರತೆಯ ಕಾರಣದಿಂದ, ಕೇಳಿದ ಹೊರತು ಮಾಡುವುದಿಲ್ಲ. ಬೇಕಾದವರು ಅದನ್ನು ಮತ್ತೆ ತೊಡಗಿಸಿಕೊಳ್ಳಬಹುದು. ನಾವು ತೊಡಗಿಸಲಿಲ್ಲ. ವಿಂಡೋಸ್ ಬೇಕಾದಾಗ ಕೀಲಿಯೊತ್ತಿ ಫರ್ಮ್‌ವೇರಿನ ಯಾದಿಯಿಂದಲೇ ಆರಿಸುವುದು ನಮಗೆ ಹಿತವೆನಿಸಿತು. ಇಬ್ಬರ ನಡುವೆ ಮಾತುಕತೆ ಕಡಮೆಯಾದಷ್ಟೂ ಮನೆಯಲ್ಲಿ ಶಾಂತಿ. ಯಾವ ಕೀಲಿಯೆಂಬುದನ್ನು ಒಂದು ಚೀಟಿಯಲ್ಲಿ ಬರೆದು ತೆರೆಯ ಅಂಚಿಗೆ ಅಂಟಿಸಿದ್ದೇವೆ.

ಎಲ್ಲವೂ ಮುಗಿಯಿತೆಂದುಕೊಂಡಾಗ ಗಡಿಯಾರದ ತಕರಾರು ಬಂತು. ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಎಣಿಕೆ ತೊಡಗಿದ ವಿದ್ಯಾರ್ಥಿಯೊಬ್ಬನ ಕಡತದಲ್ಲಿ 5 ಗಂಟೆ 10 ನಿಮಿಷ ಎಂದು ದಾಖಲಾಗಿತ್ತು. "ಸಾರ್, ನಾನು ಅಷ್ಟು ಹೊತ್ತಿಗೆ ಎದ್ದೇ ಇರ್ಲಿಲ್ಲ" ಎಂದು ಅವನು ಪ್ರಾಮಾಣಿಕವಾಗಿ ಒಪ್ಪಿಕೊಂಡ. ವ್ಯತ್ಯಾಸ ಐದೂವರೆ ಗಂಟೆ ಎಂದೊಡನೆ ಓದುಗರಿಗೆ ಗುಟ್ಟು ಹೊಳೆದಿರಬಹುದು. ನಮ್ಮ ದೇಶದ ಪ್ರಮಾಣಕಾಲವು ಪೂರ್ವ ರೇಖಾಂಶ 82½ ಡಿಗ್ರಿಯದು. ಡಿಗ್ರಿಗೆ ನಾಲ್ಕು ನಿಮಿಷದಂತೆ ಜಾಗತಿಕ ಕಾಲಕ್ಕಿಂತ ಐದೂವರೆ ಗಂಟೆ ಮುಂದು. ತಾಯಿಹಲಗೆಯ ಮೇಲೆ ಸಣ್ಣ ಬ್ಯಾಟರಿಯ ಬಲದಿಂದ ನಡೆಯುವ ಗಡಿಯಾರ ಒಂದೇ. ಅದರಲ್ಲಿರುವುದು ಊರಿನ ಕಾಲವೆಂದು ವಿಂಡೋಸ್ ತಿಳಿಯುತ್ತದೆ. ಜಾಗತಿಕ ಕಾಲವೆಂದು ಲಿನಕ್ಸ್ ತಿಳಿಯುವುದು ರೂಢಿ. ಲಿನಕ್ಸ್ ಜಾಲದಿಂದ ಸರಿಯಾದ ಕಾಲವನ್ನು ತಿಳಿದು, ತನ್ನ ಪದ್ಧತಿಯಂತೆ ಗಡಿಯಾರವನ್ನು ತಿದ್ದುತ್ತದೆ. ಅನಂತರ ಎದ್ದ ವಿಂಡೋಸ್ ಆ ಮುಳ್ಳನ್ನು ತನ್ನ ಪದ್ಧತಿಯಂತೆ ಓದಿ ಐದೂವರೆ ಗಂಟೆ ಹಿಂದೆ ಬೀಳುತ್ತದೆ. ಅಂತರಜಾಲವಿದ್ದರೆ ಅದು ತಾನಾಗಿಯೇ ತಿದ್ದಿಕೊಂಡೀತು. ನಮ್ಮ ವಿಂಡೋಸಿಗೆ ಜಾಲವನ್ನು ನಾವೇ ಕತ್ತರಿಸಿದ್ದೆವಲ್ಲ!

ಇಬ್ಬರಲ್ಲಿ ಒಬ್ಬರು ಸೋಲಬೇಕು. ಊರಿನ ಕಾಲವನ್ನೇ ಇಟ್ಟುಕೊಳ್ಳೆಂದು ಲಿನಕ್ಸಿಗೆ ಒಂದು ಸಾಲಿನ ಆಜ್ಞೆ ಕೊಟ್ಟೆವು. ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಗಡಿಯಾರವನ್ನು ಹಿಂದೆಮುಂದೆ ತಿರುಗಿಸುವ ದೇಶಗಳಲ್ಲಿ ಇದು ಬೇರೆ ತೊಡಕುಗಳನ್ನು ಹುಟ್ಟಿಸುವುದುಂಟು. ಇಬ್ಬರೂ ತಾವೇ ತಿರುಗಿಸಲು ಹೋಗಿ ಒಂದು ಗಂಟೆ ತಪ್ಪುತ್ತದೆ. ನಮ್ಮಲ್ಲಿ ಆ ಪದ್ಧತಿ ಇಲ್ಲವಾದ್ದರಿಂದ ನಿಶ್ಚಿಂತೆ.

ಈಗ ವಾರದಲ್ಲಿ ಎರಡು ದಿನ ಆ ಗಣಕದಲ್ಲಿ ವಿಂಡೋಸ್ ಏಳುತ್ತದೆ, ಎಣಿಕೆಯಂತ್ರಕ್ಕಾಗಿ. ಮಿಕ್ಕ ದಿನಗಳಲ್ಲಿ ಲಿನಕ್ಸ್. ದೆಹಲಿಯ ಅಂತರ ವಿಶ್ವವಿದ್ಯಾನಿಲಯ ವೇಗೋತ್ಕರ್ಷಕ ಕೇಂದ್ರದವರು ವಿದ್ಯಾರ್ಥಿಗಳಿಗಾಗಿ ರೂಪಿಸಿದ ಎಕ್ಸ್‌ಪ್‌ಐಸ್ ಎಂಬ ಅಂಗೈಯಗಲದ ಪ್ರಯೋಗಪೆಟ್ಟಿಗೆಯನ್ನು ಅದಕ್ಕೆ ಜೋಡಿಸಿ, ಸಂಧಾರಕ ಬರಿದಾಗುವ ವಕ್ರರೇಖೆಯನ್ನು ಹುಡುಗರು ತೆರೆಯ ಮೇಲೆ ಎಳೆಯುತ್ತಾರೆ. ವರದಿಯನ್ನು ಕನ್ನಡದಲ್ಲಿ ಬರೆಯುವವರಿಗೆ ಲಿನಕ್ಸಿನಲ್ಲಿ ಕಗಪ ಕೀಲಿವಿನ್ಯಾಸವೂ ಜೊತೆಗೇ ಬಂದಿರುತ್ತದೆ, ಹೊರಗಿನಿಂದ ತರಬೇಕಾಗಿಲ್ಲ. ಮೊನ್ನೆ ಪ್ರಯೋಗಶಾಲೆಗೆ ಸುಣ್ಣ ಹೊಡೆಯುವಾಗ ಗಣಕವನ್ನು ಮತ್ತೊಮ್ಮೆ ಎತ್ತಿ ಸಾಗಿಸಿದರು. ಸಂಜೆ ಎಲ್ಲರೂ ಹೋದ ಮೇಲೆ, ಯಾರೂ ಕೇಳದಿದ್ದರೂ, ನಾವು ಒಂದೊಂದು ಡಿಸ್ಕಿನ ತಂತಿಯನ್ನೂ ಕಿತ್ತು ಇನ್ನೊಂದು ಏಳುತ್ತದೆಯೇ ಎಂದು ನೋಡಿ, ಮತ್ತೆ ಸಿಕ್ಕಿಸಿ ಮನೆಗೆ ಹೊರಟೆವು.